ಉದ್ದಣ್ಣನ ವಾಲ್ವಿನ ಮೇಲೆ ಕಣ್ಣು

ಆ ದಿನ ಬೆಳಿಗ್ಗೆ ಉದ್ದಣ್ಣನ ಕುರ್ಚಿಯ ಮೇಲೆ ಒಂದು ಹೊಸ ದಿಂಬು ಕೂತಿತ್ತು.

ದಿಂಬು ಅಂಥ ಘನವಾದದ್ದೇನಲ್ಲ. ನೀಲಿ ಬಟ್ಟೆ, ಒಳಗಿಷ್ಟು ಅರಳೆ, ಅಂಚಿಗೆ ಬಿಳಿ ದಾರದ ಹೊಲಿಗೆ. ಸ್ಟೋರ್ ನೋಡಿಕೊಳ್ಳುವ ಅಕ್ಕ ಕೈಯಾರೆ ಹೊಲಿದು ತಂದದ್ದು. ಆದರೆ ಅದೇ ಅಕ್ಕನ ಕಣ್ಣೆದುರಿಗೆ ಅಂಗಿಯ ಬಟನ್ ಕಿತ್ತುಹೋಗಿ ಮಳೆಗಾಲವನ್ನೂ ಚಳಿಗಾಲವನ್ನೂ ಪಿನ್ನು ಚುಚ್ಚಿಕೊಂಡೇ ಕಳೆದ, ಗಡಿಬಿಡಿ ಎಂಬ ಅಡ್ಡಹೆಸರಿನವನಿಗೆ, ಆ ದಿಂಬನ್ನು ಕಂಡದ್ದೇ ಹೊಟ್ಟೆಯೊಳಗೆ ಯಾರೋ ಬೆಂಕಿಕಡ್ಡಿ ಗೀರಿದಂತಾಯಿತು.

ಮೋಟರು ನಿಲ್ಲುವ ಮೊದಲೇ ಬೋಲ್ಟಿಗೆ ಕೈ ಹಾಕುವವನು, ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಕೊಡುವವನು ಎಂಬ ಕಾರಣಕ್ಕೆ ಅವನನ್ನು ಎಲ್ಲರೂ ಗಡಿಬಿಡಿ ಎನ್ನುತ್ತಿದ್ದರು. ಊರಿಗೆ ನೀರೆತ್ತುವ ಆ ಪಂಪ್‌ಹೌಸಿಗೆ ಅವನೂ ಉದ್ದಣ್ಣನೂ ಒಂದೇ ದಿನ ಸೇರಿದವರು. ಒಂದೇ ಸಂಬಳ, ಒಂದೇ ಬಣ್ಣದ ಅಂಗಿ. ಉದ್ದಣ್ಣ ದೀಪದ ಕಂಬದ ಹಾಗೆ ಎತ್ತರ, ತೆಳ್ಳಗೆ. ಗಡಿಬಿಡಿ ನೀರು ಕಾಯಿಸುವ ಹಂಡೆಯ ಹಾಗೆ ಗಿಡ್ಡ, ಗುಂಡಗೆ. ಬಹುಕಾಲ ಇಬ್ಬರ ನಡುವೆ ಇದ್ದ ವ್ಯತ್ಯಾಸ ಇಷ್ಟೇ.

ಆಮೇಲೆ ಉದ್ದಣ್ಣನಿಗೆ ಎದೆ ಡವಗುಟ್ಟತೊಡಗಿತು. ಆಗೊಮ್ಮೆ ಈಗೊಮ್ಮೆ ತಲೆಸುತ್ತು, ಸುಸ್ತು. ಹಳೆಯ ಡಾಕ್ಟರೊಬ್ಬರು ಪರೀಕ್ಷಿಸಿ, ಮೈಟ್ರಲ್ ವಾಲ್ವ್ ಪ್ರೊಲ್ಯಾಪ್ಸ್ ಎಂದರು. ಹೃದಯದ ಎಡಭಾಗದಲ್ಲಿ ಮೇಲಿನ ಕೋಣೆಗೂ ಕೆಳಗಿನ ಕೋಣೆಗೂ ನಡುವೆ ಎರಡೆಸಳಿನ ಒಂದು ಕವಾಟವಿದೆ. ರಕ್ತವನ್ನು ಕೆಳಕ್ಕೆ ಬಿಡುವುದು, ಹಿಂದಕ್ಕೆ ಹೋಗದಂತೆ ತಡೆಯುವುದು ಅದರ ಕೆಲಸ. ಕೆಲವರಲ್ಲಿ ಆ ಎಸಳು ಸಡಿಲವಾಗಿ, ಮುಚ್ಚಿಕೊಳ್ಳುವಾಗ ಗಾಳಿಗೆ ಸಿಕ್ಕ ಕೊಡೆಯಂತೆ ಹಿಂದಕ್ಕೆ ಉಬ್ಬುತ್ತದೆ. ಒಮ್ಮೊಮ್ಮೆ ಅಂಚಿನಿಂದ ಚೂರು ರಕ್ತ ಹಿಂದಕ್ಕೆ ಸೋರುವುದೂ ಉಂಟು.

ಬೇರೆ ಯಾವ ಕಚೇರಿಯಲ್ಲಾದರೂ ಈ ಹೆಸರು ಯಾರ ನಾಲಿಗೆಗೂ ಹೊರಳದೆ ಮರೆತುಹೋಗುತ್ತಿತ್ತು. ಆದರೆ ಪಂಪ್‌ಹೌಸಿನವರಿಗೆ ವಾಲ್ವೆಂದರೆ ಸ್ವಂತ ಅಣ್ಣತಮ್ಮನಿದ್ದ ಹಾಗೆ. ಅದು ಸೋರುವುದನ್ನೂ ಕಚ್ಚಿಕೊಳ್ಳುವುದನ್ನೂ ಹುಟ್ಟಿದಾಗಿನಿಂದ ನೋಡಿದವರು. ಸುದ್ದಿ ತಿಳಿದ ದಿನವೇ ಮೇಸ್ತ್ರಿ ತೀರ್ಪು ಕೊಟ್ಟುಬಿಟ್ಟ.

"ಸೋರೋ ವಾಲ್ವಿನ ಮೇಲೆ ಲೋಡ್ ಹಾಕಬಾರದು. ಇವತ್ತಿಂದ ಉದ್ದಣ್ಣ, ತುರ್ತಿಗೆ ಎತ್ತಿಟ್ಟ ಪಂಪಿನ ಹಾಗೆ, ಸ್ಟ್ಯಾಂಡ್‌ಬೈ."

ಅಂದಿನಿಂದ ಉದ್ದಣ್ಣ ಪ್ಯಾನೆಲ್ ಬೋರ್ಡಿನ ಮುಂದೆ, ಫ್ಯಾನಿನ ಕೆಳಗೆ, ಕುರ್ಚಿಯಲ್ಲಿ. ಮೀಟರಿನ ಮುಳ್ಳು ಕೆಂಪಿಗೆ ಹೋದರೆ ಕೂಗಬೇಕು. ಕೂಗಿದರೆ ಓಡುವವನು ಗಡಿಬಿಡಿ. ಊಟದ ಹೊತ್ತಿಗೆ ಎಲ್ಲರ ಡಬ್ಬಿಯಿಂದಲೂ ಒಂದು ತುತ್ತು ಉದ್ದಣ್ಣನಿಗೆ. ಕಿಟಕಿ ತೆರೆದರೆ, "ಉದ್ದಣ್ಣನಿಗೆ ಗಾಳಿ ಹೆಚ್ಚಾಯ್ತಾ?" ಮುಚ್ಚಿದರೆ, "ಉದ್ದಣ್ಣನಿಗೆ ಸೆಕೆ ಆಯ್ತಾ?" ಈಗ ದಿಂಬು.

ದಿಂಬಿನ ಬಿಸಿ ಆರುವ ಮೊದಲೇ ಮೇಸ್ತ್ರಿ ಬಂದು ಇನ್ನೊಂದು ಕೊಳ್ಳಿ ಇಟ್ಟ.

"ನೋಡ್ರಪ್ಪಾ, ಹಿಂದುಗಡೆ ಗುಂಡೀಲಿ ಹೊಸ ಪಂಪು ಕೂರಿಸಿದ್ದಾರೆ. ನಾಳೆಯಿಂದ ಶುರು. ಗಂಟೆಗೊಂದು ಸಲ ಏಣಿ ಇಳಿದು ಎಣ್ಣೆ ನೋಡಿ ಮೇಲೆ ಬರಬೇಕು. ಗುಂಡಿಗೆ ಒಬ್ಬ, ಕುರ್ಚಿಗೆ ಒಬ್ಬ. ಸಾಯಂಕಾಲ ಹೆಸರು ಬರೆದು ಆಫೀಸಿಗೆ ಕಳಿಸಬೇಕು. ಉದ್ದಣ್ಣನ ಕೈಲಂತೂ ಆಗಲ್ಲ."

"ಹಾಗಾದ್ರೆ ನಾನಾ?" ಎಂದ ಗಡಿಬಿಡಿ.

"ಇನ್ಯಾರು, ನಾನು ಇಳೀಲಾ? ನಿನ್ನ ವಾಲ್ವ್ ಸರಿಯಾಗಿದೆಯಲ್ಲ."

ಗಡಿಬಿಡಿ ಹೋಗಿ ಗುಂಡಿಯ ಬಾಯಲ್ಲಿ ಬಗ್ಗಿ ನೋಡಿದ. ಕಬ್ಬಿಣದ ಏಣಿ ನೆಟ್ಟಗೆ ಕತ್ತಲೆಗೆ ಇಳಿದಿತ್ತು. ಮೂರು ಮಹಡಿಯ ಮನೆಯನ್ನು ತಲೆಕೆಳಗಾಗಿ ಹೂತಷ್ಟು ಆಳ. ನಿವೃತ್ತಿಯವರೆಗೆ ದಿನವೂ ಇದನ್ನು ಹತ್ತಿ ಇಳಿಯುವುದು ತಾನು, ದಿಂಬಿನ ಮೇಲೆ ಕೂತು ಮುಳ್ಳು ನೋಡುವುದು ಅವನು. ಸರಿಯಾದ ವಾಲ್ವಿರುವುದು ಇಷ್ಟು ದೊಡ್ಡ ಅಪರಾಧವೆಂದು ಅವನಿಗೆ ಗೊತ್ತಿರಲಿಲ್ಲ.

ಸಾಯಂಕಾಲದ ಒಳಗೆ ತನ್ನ ವಾಲ್ವೂ ಕೆಡಬೇಕು ಎಂದು ಅಲ್ಲೇ ತೀರ್ಮಾನಿಸಿದ.

ಲಕ್ಷಣಗಳೆಲ್ಲ ಅವನಿಗೆ ಬಾಯಿಪಾಠವಾಗಿದ್ದವು. ಉದ್ದಣ್ಣ ಅವನ್ನು ಮಗ್ಗಿಯ ಹಾಗೆ ದಿನವೂ ಒಪ್ಪಿಸುತ್ತಿದ್ದ. ಗಡಿಬಿಡಿ ಸ್ಟೋರಿಗೆ ಹೋಗಿ, ಅಕ್ಕನ ಮೇಜಿಗೆ ಒರಗಿ, ಎದೆ ಹಿಡಿದುಕೊಂಡು ನಿಟ್ಟುಸಿರು ಬಿಟ್ಟ.

"ಏನಾಯ್ತಪ್ಪಾ?"

"ಯಾಕೋ ಎದೆ ಡವಡವ ಅಂತಿದೆ ಅಕ್ಕಾ. ಹೃದಯವೇ ಬಾಯಿಗೆ ಬಂದ ಹಾಗೆ."

ಅಕ್ಕ ಕನ್ನಡಕದ ಮೇಲಿನಿಂದ ನೋಡಿದಳು. "ಹೃದಯ ಎಡಗಡೆ ಇರೋದು. ನೀನು ಹಿಡ್ಕೊಂಡಿರೋದು ಬಲಗಡೆ."

ಗಡಿಬಿಡಿ ಕೈ ಬದಲಾಯಿಸಿದ. "ನೋವು ಆ ಕಡೆಗೂ ಹರಡಿದೆ."

ಅಭಿನಯ ಸಾಲದು, ಸರಕೇ ಬೇಕು ಎಂದು ಅವನಿಗೆ ಹೊಳೆಯಿತು. ಕಾಫಿ ಕುಡಿದರೆ ಎದೆ ಹೊಡೆದುಕೊಳ್ಳುತ್ತದೆ ಎಂದು ಉದ್ದಣ್ಣ ಕಾಫಿಯನ್ನೇ ಬಿಟ್ಟಿದ್ದ. ಗಡಿಬಿಡಿ ಕೆಟಲಿನ ಪಕ್ಕದಲ್ಲೇ ನಿಂತು, ಡಿಕಾಕ್ಷನ್ನಿಗೆ ಹಾಲು ಸಕ್ಕರೆಯ ಹಂಗೂ ಇಲ್ಲದೆ, ಕಷಾಯದಂತೆ ಲೋಟದ ಮೇಲೆ ಲೋಟ ಇಳಿಸಿದ. ಮೊದಲು ಏನೂ ಆಗಲಿಲ್ಲ. ಆಮೇಲೆ ಕಿವಿ ಬಿಸಿಯಾಯಿತು. ಆಮೇಲೆ ಎದೆಯೊಳಗೆ ಒಂದು ಮೀನು ಹೊರಳಿತು. ಮತ್ತೊಮ್ಮೆ ಹೊರಳಿತು. ಸುಳ್ಳು ಹೇಳಲು ಹೊರಟವನಿಗೆ ಅದು ನಿಜವಾಗತೊಡಗಿದರೆ ಹೇಗಿರುತ್ತದೋ ಹಾಗೆ ಅವನ ಮುಖ ಬಿಳಿಚಿಕೊಂಡಿತು.

"ಅಕ್ಕಾ, ಈಗ ನಿಜವಾಗ್ಲೂ..." ಎಂದ.

"ಈಗ ಅಂದ್ರೆ? ಆಗ?"

ಅಕ್ಕ ಕೂಗಿದಳು. ಮೇಸ್ತ್ರಿ ತನ್ನ ಕಂಬಿಯ ಸಮೇತ ಬಂದ. ಬೇರಿಂಗಿನ ಸದ್ದು ಕೇಳಲು ಒಂದು ತುದಿಯನ್ನು ಪಂಪಿಗೂ ಇನ್ನೊಂದನ್ನು ಕಿವಿಗೂ ಒತ್ತಿ ಹಿಡಿಯುವ ಕಬ್ಬಿಣದ ಕಂಬಿ ಅದು. ಗಡಿಬಿಡಿಯನ್ನು ಗೋಡೆಗೆ ಒರಗಿಸಿ, ಎದೆಗೆ ಕಂಬಿ ಊರಿ, ಕಣ್ಣು ಮುಚ್ಚಿ ಆಲಿಸಿದ.

"ತಣ್ಣಗಿದೆ, ತೆಗೀರಿ," ಎಂದು ಗಡಿಬಿಡಿ ಮುಲುಗಿದ.

"ಸುಮ್ನಿರು. ಪಂಪು ಮಾತಾಡಲ್ಲ." ಮೇಸ್ತ್ರಿ ಇನ್ನೂ ಒಂದಿಷ್ಟು ಹೊತ್ತು ಕೇಳಿದ. "ಸ್ವಲ್ಪ ಸ್ಪೀಡ್ ಜಾಸ್ತಿ. ಉಳಿದಂತೆ ಷೋರೂಮಿಂದ ಈಗ ತಂದ ಹಾಗಿದೆ."

"ನಿಮ್ಮ ಕಂಬಿಗೆ ಏನು ಗೊತ್ತಾಗುತ್ತೆ? ಉದ್ದಣ್ಣನಿಗಾದರೆ ದೊಡ್ಡ ಡಾಕ್ಟ್ರು, ನನಗೆ ಕಂಬಿನಾ?"

ಗಲಾಟೆ ಕೇಳಿ ಉದ್ದಣ್ಣನೇ ಎದ್ದು ಬಂದ. ಒಳ್ಳೆಯ ಮನುಷ್ಯ. ಆದರೆ ಅವನ ಒಳ್ಳೆಯತನದಲ್ಲಿ ಹಳೆಯ ಸಂಗೀತಗಾರ ಹೊಸಬನನ್ನು ನೋಡುವ ಒಂದು ನಗೆಯೂ ಇತ್ತು.

"ಗಾಬರಿ ಆಗ್ಬೇಡ ಕಣೋ. ಇದು ಎಲ್ಲರಿಗೂ ಬರೋ ಕಾಯಿಲೆ ಅಲ್ಲ. ನಮ್ಮ ಹಾಗೆ ಎತ್ತರ, ತೆಳ್ಳಗೆ ಇರೋರಿಗೇ ಹೆಚ್ಚು. ನಿಂಗೆ ಗ್ಯಾಸ್ ಇರಬೇಕು."

ಗ್ಯಾಸ್. ಗಡಿಬಿಡಿಯ ಪಾಲಿಗೆ ಬಂದದ್ದು ಯಾವಾಗಲೂ ಇಂಥದ್ದೇ. ಅವನು ಸಾಧ್ಯವಾದಷ್ಟು ನೆಟ್ಟಗೆ ನಿಂತ.

"ಮಧ್ಯಾಹ್ನ ನನ್ನ ಚೆಕಪ್ ಇದೆ," ಎಂದು ಉದ್ದಣ್ಣ ಮುಂದುವರಿಸಿದ. "ಬೇಕಾದ್ರೆ ನೀನೂ ಬಾ. ಹಳೇ ಡಾಕ್ಟ್ರು ನಿವೃತ್ತರಾದ್ರು, ಹೊಸ ಡಾಕ್ಟರಮ್ಮ ಬಂದಿದ್ದಾರೆ. ನಂಗೋಸ್ಕರ ನಿನ್ನನ್ನೂ ನೋಡ್ತಾರೆ."

ಹೊರಡುವಷ್ಟರಲ್ಲಿ ಗಡಿಬಿಡಿಗೆ ಹೆಂಡತಿಯ ಫೋನು ಬಂತು. ಅಕ್ಕ ಆಗಲೇ ಸುದ್ದಿ ಮುಟ್ಟಿಸಿದ್ದಳು.

"ನಿಮಗೆ ಹಾರ್ಟ್ ಕಾಯಿಲೆ ಅಂತೆ?"

"ಇನ್ನೂ ಗೊತ್ತಿಲ್ಲ ಕಣೇ..."

"ನನಗೆ ಗೊತ್ತಿಲ್ಲ, ಸ್ಟೋರಿನವಳಿಗೆ ಗೊತ್ತು. ಕಟ್ಟಿಕೊಂಡವಳು ನಾನಾ ಅವಳಾ? ಎದೆ ನೋವು ಬಂದ್ರೆ ಮೊದಲು ಹೆಂಡತಿಗೆ ಹೇಳ್ಬೇಕು ಅನ್ನೋ ಜ್ಞಾನ ಬೇಡ್ವಾ? ಇರಿ, ಸಾಯಂಕಾಲ ಅಲ್ಲಿಗೇ ಬರ್ತೀನಿ."

ಆಸ್ಪತ್ರೆಯ ಕಾರಿಡಾರಿನಲ್ಲಿ ಗಡಿಬಿಡಿಯ ಹೊಟ್ಟೆ ಇನ್ನಷ್ಟು ಉರಿಯಿತು. ಕಾವಲುಗಾರ, "ಬನ್ನಿ ಸಾರ್, ಹೇಗಿದ್ದೀರಿ?" ಎಂದು ಉದ್ದಣ್ಣನಿಗೆ ಬಾಗಿಲು ತೆರೆದ. ನರ್ಸಮ್ಮ, "ಯಾಕೆ ಸೊರಗಿದ್ದೀರಿ?" ಎಂದು ಕೇಳಿದಳು. ಗಡಿಬಿಡಿಗೆ, "ನೀವು ಜೊತೆಗೆ ಬಂದವರಾ? ಹೊರಗೆ ಕೂತ್ಕೊಳ್ಳಿ," ಎಂದಳು.

"ನಾನೂ ರೋಗಿ," ಎಂದ ಗಡಿಬಿಡಿ, ಗುರುತಿನ ಚೀಟಿ ತೋರಿಸುವವನ ಗತ್ತಿನಲ್ಲಿ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವಳು, ಮಾತು ಮೆಲ್ಲಗೆ. ಮೊದಲು ಹೊಸಬನನ್ನು ನೋಡೋಣವೆಂದು ಗಡಿಬಿಡಿಯ ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ಕಂಬಿಯಷ್ಟೇ ತಣ್ಣಗಿತ್ತು.

"ಕುಕ್ಕರಗಾಲಲ್ಲಿ ಕೂತ್ಕೊಳ್ಳಿ."

ಕೂತ.

"ಈಗ ಎದ್ದು ನಿಂತ್ಕೊಳ್ಳಿ."

ಹಂಡೆಯನ್ನು ಒಲೆಯಿಂದ ಇಳಿಸುವಾಗ ಬರುವಂಥ ಸದ್ದು ಮಾಡುತ್ತ ಎದ್ದ. ಮತ್ತೆ ಕೂರಿಸಿದಳು, ಮತ್ತೆ ಎಬ್ಬಿಸಿದಳು. ಮೂಲೆಯಲ್ಲಿ ಕೂತ ಉದ್ದಣ್ಣ, "ನನಗೂ ಹೀಗೇ ಮಾಡಿಸಿದ್ರು," ಎಂದು ಅನುಭವ ಹಂಚಿಕೊಂಡ.

"ಯಾಕೆ ಡಾಕ್ಟ್ರೇ ಇದು?" ಎಂದು ಏದುಸಿರಿನಲ್ಲಿ ಗಡಿಬಿಡಿ ಕೇಳಿದ.

"ಒಂದು ಸಣ್ಣ ಕ್ಲಿಕ್ ಸದ್ದು ಇದೆ. ನಿಂತಾಗ ಬೇಗ ಬರುತ್ತೆ, ಕೂತಾಗ ತಡವಾಗಿ ಬರುತ್ತೆ. ಎಸಳು ಹಿಂದಕ್ಕೆ ಉಬ್ಬಿ ಗಕ್ಕನೆ ಬಿಗಿಯಾದಾಗ ಬರೋ ಸದ್ದು ಅದು. ಎಕೋ, ಅಂದ್ರೆ ಹೃದಯದ ಸ್ಕ್ಯಾನ್, ಮಾಡಿ ನೋಡೋಣ."

ಗಡಿಬಿಡಿಯ ಕಣ್ಣು ಹೊಳೆಯಿತು. ಎಡಕ್ಕೆ ಹೊರಳಿ ಮಲಗಿದ. ಎದೆಗೆ ಜೆಲ್ ಬಳಿದು ಡಾಕ್ಟರಮ್ಮ ಯಂತ್ರದ ಹಿಡಿಕೆಯನ್ನು ಪಕ್ಕೆಲುಬುಗಳ ನಡುವೆ ಇಟ್ಟು ಸರಿಸಿದಳು. ಪರದೆಯ ಮೇಲೆ ಬೂದುಬಣ್ಣದ ಏನೋ ಒಂದು ಬಾಯಿ ತೆರೆದು ಮುಚ್ಚುತ್ತಿತ್ತು. ಗಡಿಬಿಡಿ ತನ್ನ ಹೃದಯವನ್ನು ಮೊದಲ ಸಲ ನೋಡುತ್ತಿದ್ದ. ಇಷ್ಟು ಕಾಲ ಯಾರೂ ಹೇಳದೆ ಕೇಳದೆ ಒಳಗೊಂದು ಪಂಪು ಓಡುತ್ತಲೇ ಇದೆಯಲ್ಲ ಎಂದು ಕ್ಷಣಹೊತ್ತು ಅವನಿಗೆ ಬೆರಗಾಯಿತು. ಅದಕ್ಕೆ ಯಾವ ಮೇಸ್ತ್ರಿಯೂ ರಜೆ ಕೊಟ್ಟಿರಲಿಲ್ಲ.

"ನೋಡಿ, ಈ ಎಸಳು. ಮುಚ್ಚುವಾಗ ಹಿಂದಕ್ಕೆ ಉಬ್ಬುತ್ತಲ್ಲ? ನಿಮಗೆ ಪ್ರೊಲ್ಯಾಪ್ಸ್ ಇದೆ."

"ಇದೆಯಾ?"

"ಇದೆ."

"ಗ್ಯಾಸ್ ಅಲ್ಲ ತಾನೇ?"

"ಅಲ್ಲ."

"ತುಂಬಾ ಉಪಕಾರ ಆಯ್ತು ಡಾಕ್ಟ್ರೇ," ಎಂದು ಗಡಿಬಿಡಿ ಜೆಲ್ ಮೆತ್ತಿದ ಎದೆಯಲ್ಲೇ ಎದ್ದು ಕೂತು ಕೈ ಮುಗಿದ. ಡಾಕ್ಟರಮ್ಮ ಇಂಥ ಕೃತಜ್ಞತೆಯನ್ನು ಓದಿನಲ್ಲಾಗಲಿ ಅನುಭವದಲ್ಲಾಗಲಿ ಕಂಡಿರಲಿಲ್ಲ. ಆಘಾತಕ್ಕೆ ಹೀಗಾಗಿದೆಯೆಂದು ತಿಳಿದು, ಹೆಗಲು ತಟ್ಟಿ ನಿಧಾನವಾಗಿ ವಿವರಿಸಿದಳು.

"ಹೆದರಬೇಕಾದ್ದು ಏನಿಲ್ಲ. ಸೋರಿಕೆ ಇಲ್ಲ ಅನ್ನುವಷ್ಟು ಕಡಿಮೆ. ಹೆಚ್ಚಿನವರಿಗೆ ಇದರಿಂದ ಜೀವಮಾನ ಪೂರ್ತಿ ತೊಂದರೆ ಇರಲ್ಲ. ಎದೆ ಬಡಿತ ತೀರಾ ಕಾಡಿದರೆ ಅದಕ್ಕೆ ಮಾತ್ರೆ ಇದೆ. ಸೋರಿಕೆ ತುಂಬಾ ಹೆಚ್ಚಿದವರಿಗೆ ಮಾತ್ರ ಆಪರೇಷನ್ ಮಾಡಿ ಸರಿಪಡಿಸ್ತೀವಿ. ನಿಮಗೆ ಯಾವುದೂ ಬೇಡ. ಕಾಫಿ ಎಷ್ಟು ಕುಡೀತೀರಿ?"

"ಇವತ್ತು ಸ್ವಲ್ಪ ಜಾಸ್ತಿ."

"ಬಿಟ್ಟುಬಿಡಿ. ಚೆನ್ನಾಗಿ ನಿದ್ದೆ ಮಾಡಿ. ಮುಖ್ಯವಾಗಿ, ಕೂತಲ್ಲೇ ಕೂರಬೇಡಿ. ನಡೀರಿ, ಮೆಟ್ಟಿಲು ಹತ್ತಿ ಇಳೀರಿ. ನಿಮ್ಮ ತೂಕಕ್ಕೂ ಒಳ್ಳೇದು, ಹೃದಯಕ್ಕೂ ಒಳ್ಳೇದು. ಆಗಾಗ ಬಂದು ತೋರಿಸ್ತಾ ಇರಿ."

ಗಡಿಬಿಡಿ ಎಂದಿನಂತೆ, ಮಾತು ಮುಗಿಯುವ ಮೊದಲೇ ತಲೆಯಾಡಿಸಿದ. ಅವನಿಗೆ ಬೇಕಾದದ್ದು ಸಿಕ್ಕಿತ್ತು. ಕುರ್ಚಿ, ಫ್ಯಾನು, ಎಲ್ಲರ ಡಬ್ಬಿಯ ತುತ್ತು ಕಣ್ಣ ಮುಂದೆ ಸಾಲುಗಟ್ಟಿ ನಿಂತಿದ್ದವು. ಬರುವ ದಿಂಬಿಗೆ ಕೆಂಪು ಬಟ್ಟೆಯೇ ಇರಲಿ ಎಂದೂ ಯೋಚಿಸಿದ.

ಆಮೇಲೆ ಉದ್ದಣ್ಣನ ಸರದಿ. ಡಾಕ್ಟರಮ್ಮ ಆಲಿಸಿದಳು. ಕೂರಿಸಿ ನಿಲ್ಲಿಸಿ ಆಲಿಸಿದಳು. ಎಕೋ ಹಿಡಿಕೆಯನ್ನು ಈ ಕಡೆಯಿಂದ ಇಟ್ಟಳು, ಆ ಕಡೆಯಿಂದ ಇಟ್ಟಳು. ಹುಬ್ಬು ಗಂಟಿಕ್ಕಿದಳು.

"ಹೆಚ್ಚಾಗಿದೆಯಾ ಡಾಕ್ಟ್ರೇ?" ಎಂದ ಉದ್ದಣ್ಣ. ದನಿಯಲ್ಲಿ ಭಯಕ್ಕಿಂತ ಹಿರಿತನವೇ ಹೆಚ್ಚಿತ್ತು.

"ಏನೂ ಇಲ್ಲ."

"ಏನೂ ಇಲ್ಲ ಅಂದ್ರೆ?"

"ಪ್ರೊಲ್ಯಾಪ್ಸ್ ಇಲ್ಲ. ಹಿಂದೆ ನೋಡಿದಾಗ ಹಳೇ ಯಂತ್ರ ಇದ್ದಿರಬೇಕು. ಈ ಕವಾಟದ ಬಾಯಿ ಚಪ್ಪಟೆ ಅಲ್ಲ, ಕುದುರೆ ಜೀನಿನ ಹಾಗೆ ಬಾಗಿರುತ್ತೆ. ಒಂದು ಕೋನದಿಂದ ನೋಡಿದರೆ ಸರಿಯಾದ ಎಸಳೂ ಉಬ್ಬಿದ ಹಾಗೆ ಕಾಣುತ್ತೆ. ಆಗಿನ ಕಾಲದಲ್ಲಿ ಹೀಗೆ ಎಷ್ಟೋ ಜನರಿಗೆ ಇದೆ ಅಂತ ಹೇಳಿಬಿಟ್ಟಿದ್ದಾರೆ. ನಿಮ್ಮ ಹೃದಯ ಪರಮ ಆರೋಗ್ಯವಾಗಿದೆ."

ಉದ್ದಣ್ಣ ಪರದೆಯ ಹತ್ತಿರಕ್ಕೆ ಮುಖ ಚಾಚಿದ. "ಇನ್ನೊಂದು ಸಲ ಸರಿಯಾಗಿ ನೋಡಿ ಡಾಕ್ಟ್ರೇ," ಎಂದ. "ಇಷ್ಟು ವರ್ಷದಿಂದ ಇದ್ದದ್ದು. ಇವನಿಗೆ ಇದ್ದು ನನಗಿಲ್ಲ ಅಂದ್ರೆ ಹೇಗೆ? ಇವನ ಎತ್ತರ ನೋಡಿ."

ಹಿಂದಿರುಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಉದ್ದಣ್ಣ, ಪಿತ್ರಾರ್ಜಿತ ಜಮೀನು ಕೋರ್ಟಿನಲ್ಲಿ ದಾಯಾದಿಯ ಪಾಲಾದವನ ಹಾಗೆ ಕಿಟಕಿಯಾಚೆ ನೋಡುತ್ತಿದ್ದ. ಗಡಿಬಿಡಿಯ ಬಾಯಿ ಸುಮ್ಮನಿರಲಿಲ್ಲ.

"ಬೇಜಾರ್ ಮಾಡ್ಕೋಬೇಡ ಉದ್ದಣ್ಣ. ಆರೋಗ್ಯವೇ ಭಾಗ್ಯ."

ಉದ್ದಣ್ಣ ಕಿಟಕಿಯ ಗಾಜು ಎಳೆದು ಮುಚ್ಚಿದ.

"ಒಂದು ಉಪಕಾರ ಮಾಡು. ನನಗೆ ಇದೆ ಅಂತ ಡಾಕ್ಟರಮ್ಮ ಹೇಳಿದ್ದನ್ನ ನೀನೇ ಮೇಸ್ತ್ರಿಗೆ ಹೇಳು. ನಾನು ಹೇಳಿದ್ರೆ ನಂಬಲ್ಲ. ಅವರು ಹೇಳಿದ್ದು ಹೇಳಿದ ಹಾಗೆ ಹೇಳಿದ್ರೆ ಸಾಕು."

ಉದ್ದಣ್ಣ ನಿಧಾನವಾಗಿ ಇತ್ತ ತಿರುಗಿದ. "ಹೇಳಿದ ಹಾಗೇ ಹೇಳ್ಬೇಕಾ?"

"ಒಂದಕ್ಷರ ಬಿಡಬೇಡ."

ಪಂಪ್‌ಹೌಸಿನಲ್ಲಿ ಮೇಸ್ತ್ರಿ, ಅಕ್ಕ ಕಾಯುತ್ತಿದ್ದರು. ಗಡಿಬಿಡಿಯ ಹೆಂಡತಿಯೂ ಬಂದು, ಅಕ್ಕನಿಂದ ಎರಡು ಮಾರು ದೂರದಲ್ಲಿ ಮುಖ ಊದಿಸಿಕೊಂಡು ನಿಂತಿದ್ದಳು. ಉದ್ದಣ್ಣ ಮೊದಲು ತನ್ನ ಸುದ್ದಿ ಹೇಳಿದ. ಎಲ್ಲರೂ ಸಂತೋಷಪಟ್ಟರು. ಆಮೇಲೆ ಗಡಿಬಿಡಿಯ ಸುದ್ದಿ ಹೇಳಿದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಕ್ಕ, "ಅಯ್ಯೋ, ನಾನು ಎಡ ಬಲ ಅಂತ ರೇಗಿಸಿದ್ನಲ್ಲಪ್ಪಾ," ಎಂದು ಕಣ್ಣು ಒದ್ದೆ ಮಾಡಿಕೊಂಡಳು. ಗಡಿಬಿಡಿಗೆ ತನ್ನ ಜೀವಮಾನದಲ್ಲಿ ಇಷ್ಟು ತಂಪಾದ ಗಳಿಗೆ ನೆನಪಿರಲಿಲ್ಲ. ಮೆಲ್ಲಗೆ ನಡೆದು ಹೋಗಿ, ಯಾರೂ ಹೇಳುವ ಮೊದಲೇ, ಪ್ಯಾನೆಲ್ ಬೋರ್ಡಿನ ಮುಂದಿನ ಕುರ್ಚಿಯಲ್ಲಿ ಕೂತ. ಫ್ಯಾನಿನ ಗಾಳಿ ನೆತ್ತಿಗೆ ಬೀಸಿತು.

"ಹಾಗಾದ್ರೆ ಸೋರೋ ವಾಲ್ವು ಇವನದು," ಎಂದು ಮೇಸ್ತ್ರಿ ತಲೆ ಕೆರೆದುಕೊಂಡ. "ಸ್ಟ್ಯಾಂಡ್‌ಬೈ ಇವನು. ಉದ್ದಣ್ಣ, ಗುಂಡಿ ನಿಂದು."

"ನಾನೇನೋ ಇಳೀತೀನಿ," ಎಂದ ಉದ್ದಣ್ಣ. ಅವನ ದನಿ ಮಜ್ಜಿಗೆಯ ಹಾಗೆ ತಣ್ಣಗಿತ್ತು. "ಆದ್ರೆ ಡಾಕ್ಟರಮ್ಮ ಇವನಿಗೆ ಹೇಳಿದ ಔಷಧ ತಪ್ಪಿಹೋಗುತ್ತಲ್ಲ ಅಂತ ನನ್ನ ಯೋಚನೆ."

"ಏನು ಔಷಧ?" ಎಂದರು ಅಕ್ಕ ಮತ್ತು ಹೆಂಡತಿ ಒಟ್ಟಿಗೆ.

"ಮಾತ್ರೆ ಬೇಡ, ಆಪರೇಷನ್ ಬೇಡ ಅಂದ್ರು. ಕಾಫಿ ಪೂರ್ತಿ ಬಂದ್. ಕೂತಲ್ಲೇ ಕೂರಲೇಬಾರದು. ಮೆಟ್ಟಿಲು ಹತ್ತಬೇಕು, ಇಳೀಬೇಕು. ಹೃದಯಕ್ಕೆ ಅದೇ ಒಳ್ಳೇದು ಅಂದ್ರು. ಅಲ್ವೇನೋ? ನಾನು ಒಂದಕ್ಷರ ಸೇರಿಸಿದ್ದೀನಾ?"

ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಕೂತದ್ದೇ ಅಪರಾಧವಾದಂತೆ ಗಡಿಬಿಡಿ ಧಡಕ್ಕನೆ ಎದ್ದು ನಿಂತ.

"ಅದು... ಅವರು ಸುಮ್ನೆ ಸಮಾಧಾನಕ್ಕೆ..."

"ಸರಿಯಾಗೇ ಹೇಳಿದ್ದಾರೆ," ಎಂದು ಮೇಸ್ತ್ರಿ ತೊಡೆ ತಟ್ಟಿದ. "ಸ್ಟ್ಯಾಂಡ್‌ಬೈ ಪಂಪನ್ನೂ ದಿನಾ ಒಂದಿಷ್ಟು ಓಡಿಸ್ಲೇಬೇಕು. ನಿಲ್ಲಿಸಿಟ್ರೆ ಕಚ್ಕೊಂಡುಬಿಡುತ್ತೆ. ಇಷ್ಟು ವರ್ಷ ನಾನಿದನ್ನ ಹೇಗೆ ಮರೆತೆ ನೋಡು."

"ಹಾಗಾದ್ರೆ ಉದ್ದಣ್ಣನೂ ಇಳೀಲಿ," ಎಂದ ಗಡಿಬಿಡಿ, ಕೊನೆಯ ಹುಲ್ಲುಕಡ್ಡಿ ಹಿಡಿಯುತ್ತ. "ಅವನೇ ಗಟ್ಟಿಮುಟ್ಟಾಗಿದ್ದಾನಲ್ಲ."

"ರೋಗ ಇಲ್ಲದವನಿಗೆ ಔಷಧ ಯಾಕೆ?" ಎಂದಳು ಹೆಂಡತಿ. ಅಕ್ಕ ಹೌದೆಂದು ತಲೆಯಾಡಿಸಿದಳು. ಆ ದಿನ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಹೆಂಡತಿ ಮುಂದುವರಿಸಿದಳು, "ನಾಳೆ ಯಾಕೆ, ಇವತ್ತೇ ಒಂದು ಡೋಸ್ ಆಗ್ಲಿ. ನನ್ನ ಕಣ್ಣೆದುರಿಗೇ."

ಮೇಸ್ತ್ರಿ ಗುಂಡಿಗೆ ಹೆಸರು ಬರೆದ: ಬೆಳಿಗ್ಗೆ ಬರೆಯಬೇಕೆಂದಿದ್ದ ಹೆಸರೇ. ಅದಕ್ಕೆ ಜೊತೆಯಾಗಿ, ಗಂಟೆಗೊಂದು ಸಲ ಎಂದಿದ್ದುದನ್ನು, ರೋಗಿಯ ಒಳ್ಳೆಯದಕ್ಕೆಂದು ಅರ್ಧ ಗಂಟೆಗೆ ಇಳಿಸಿದ.

ಗಡಿಬಿಡಿ ಏಣಿ ಇಳಿದ. ಮೇಲೆ ಗುಂಡಿಯ ಬಾಯಿ ಚಿಕ್ಕದಾಗುತ್ತ ಹೋಗಿ, ಒಂದು ತಟ್ಟೆಯಷ್ಟಾಯಿತು. ತಟ್ಟೆಯ ಅಂಚಿಗೆ ಅಕ್ಕನ ಮುಖ, ಹೆಂಡತಿಯ ಮುಖ, ಮೇಸ್ತ್ರಿಯ ಮುಖ. ಮೂರೂ ಪ್ರೀತಿಯಿಂದ ಅವನನ್ನೇ ನೋಡುತ್ತಿದ್ದವು. ಬೇಕಾಗಿದ್ದ ಗಮನವೆಲ್ಲ ಬಂದಿತ್ತು. ತಾನಿದ್ದ ಜಾಗ ಮಾತ್ರ ಬೇರೆ. ಬೆಳಿಗ್ಗೆಯಿಂದ ಉದ್ದಣ್ಣನ ಕೆಟ್ಟ ಹೃದಯಕ್ಕೆ ಹೊಟ್ಟೆಕಿಚ್ಚುಪಟ್ಟವನು ಈಗ, ಎಣ್ಣೆಯ ವಾಸನೆಯಲ್ಲಿ ನಿಂತು, ಉದ್ದಣ್ಣನ ಒಳ್ಳೆಯ ಹೃದಯಕ್ಕೆ ಹೊಟ್ಟೆಕಿಚ್ಚುಪಟ್ಟ.

ನಾಲ್ಕನೆಯದಾಗಿ ಒಂದು ಉದ್ದ ಮುಖವೂ ಅಂಚಿಗೆ ಬಂತು. ಎಲ್ಲರೂ ಗಡಿಬಿಡಿಯನ್ನೇ ನೋಡುತ್ತಿರುವಾಗ ಒಬ್ಬನೇ ಕುರ್ಚಿಯಲ್ಲಿ ಕೂರಲು ಅದಕ್ಕೆ ಮನಸ್ಸಾಗಿರಲಿಲ್ಲ.

"ಎದೆ ಹೇಗಿದೆಯೋ?" ಎಂದು ಉದ್ದಣ್ಣ ಕೂಗಿ ಕೇಳಿದ.

"ಉರೀತಿದೆ," ಎಂದ ಗಡಿಬಿಡಿ ಕೆಳಗಿನಿಂದ.

"ಅದು ವಾಲ್ವಿನಿಂದಲ್ಲ ಬಿಡು," ಎಂದ ಉದ್ದಣ್ಣ. "ಮಧ್ಯಾಹ್ನದಿಂದ ನಂಗೂ ಅದೇ ಇದೆ."